ಎಡಗಡೆಯ ಸೀಟು

ನಾನು ಕೊಂಡ ವ್ಯಾನು ಮೊದಲು ಶಾಲೆಯ ಮಕ್ಕಳನ್ನು ಹೊತ್ತು ತಿರುಗುತ್ತಿದ್ದದ್ದು. ಬಣ್ಣ ಬದಲಾಯಿಸುವ ಮೊದಲು ಅದನ್ನು ಮನೆಯ ಮುಂದೆ ನಿಲ್ಲಿಸಿಕೊಂಡಿದ್ದ ನಾಲ್ಕಾರು ದಿನ ನಮ್ಮ ಬೀದಿಯ ಮಕ್ಕಳು ಬೆಳಿಗ್ಗೆ ಬ್ಯಾಗು ಏರಿಸಿಕೊಂಡು ಬಂದು ಸುಮ್ಮನೆ ಹತ್ತಿ ಕೂತುಬಿಡುತ್ತಿದ್ದವು. ಇಳೀರೋ ಕೆಳಗೆ ಎಂದು ನಾನು ಗದರಿದರೆ ಒಂದು ಹುಡುಗಿ, "ಆಂಟಿ, ನೀವೇನಾ ಹೊಸ ಡ್ರೈವರ್?" ಎಂದು ಕೇಳಿತು. ಮೂವತ್ತು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳನ್ನು ಡ್ರೈವರ್ ಎಂದು ಕರೆದದ್ದು ಕೇಳಿ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆಗ ನನಗೆ ಸ್ಟಿಯರಿಂಗ್ ಹಿಡಿಯುವುದಕ್ಕೂ ಬರುತ್ತಿರಲಿಲ್ಲ.

ನಾನು ಕುಶಾಲನಗರದವಳು. ಅಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಬಂದು ಇಲ್ಲಿ ನಾಲೆಯ ಕೆಳಗೆ ಗದ್ದೆ ಮಾಡಿಕೊಂಡು ನೆಲೆಯಾದ ಕುಟುಂಬ ನಮ್ಮದು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಮದುವೆಯಾದ ಕೆಲವೇ ವರ್ಷಕ್ಕೆ ತೀರಿಕೊಂಡರು. ಅನುಕಂಪದ ಮೇಲೆ ನನಗೆ ಕಂಡಕ್ಟರ್ ಕೆಲಸ ಸಿಕ್ಕಿತು. ಮಕ್ಕಳಿರಲಿಲ್ಲ. ಜೊತೆಗೆ ಅಮ್ಮ ಇದ್ದಳು, ನಾನು ನಿವೃತ್ತಿಯಾಗುವ ಮೊದಲೇ ಅವಳೂ ಹೋದಳು. ಹತ್ತಿರದ ಊರಿನಲ್ಲಿ ಒಬ್ಬ ತಮ್ಮನಿದ್ದಾನೆ, ಗದ್ದೆ ಅವನೇ ನೋಡಿಕೊಳ್ಳುತ್ತಾನೆ. ನನ್ನ ಸಂಸಾರ ಎಂದರೆ ಇಷ್ಟೇ.

ನಿವೃತ್ತಿಯಾದ ಮೇಲೆ ನನಗೆ ಮೊದಲು ಬಂದ ಕಾಯಿಲೆ ಎಂದರೆ ಮೌನ. ದಿನಕ್ಕೆ ನೂರಾರು ಜನರ ಜೊತೆ ಕೂಗಾಡಿದ ಬಾಯಿ ಇದು. ಒಳಗೆ ಹೋಗ್ರೀ, ಬಾಗಿಲಲ್ಲಿ ಯಾಕ್ರೀ ನಿಂತಿದೀರಾ, ಆ ಕೋಳಿ ಬುಟ್ಟಿ ಸೀಟಿನ ಕೆಳಗೆ ಇಡಿ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ಕಿರುಚುತ್ತಿದ್ದವಳಿಗೆ ಈಗ ಮನೆಯಲ್ಲಿ ಬೈಯಲೂ ಯಾರಿಲ್ಲ. ಸಂಜೆಯ ಹೊತ್ತಿಗೆ ಮಾತಾಡದೇ ಗಂಟಲು ಕಟ್ಟಿಕೊಂಡಿರುತ್ತಿತ್ತು. ತರಕಾರಿ ಅಂಗಡಿಗೆ ಹೋಗಿ ಹುರುಳಿಕಾಯಿ ಬಲಿತಿದೆ ಎಂದು ಬೇಕೆಂದೇ ಜಗಳ ತೆಗೆಯುತ್ತಿದ್ದೆ. ಪಾಪ, ಅವನು ಎಳೆಯದನ್ನೇ ಆರಿಸಿ ಕೊಡುತ್ತಿದ್ದ. ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಮತ್ತೆ ಅದೇ. ನನಗೆ ಅಳು ಬೇಗ ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ದಿನಗಳಲ್ಲಿ ಗೋಡೆಯ ಮೇಲೂ ಸಿಟ್ಟು ಬರುತ್ತಿತ್ತು.

ವ್ಯಾನಿನ ಹುಚ್ಚು ಹತ್ತಿಸಿದವರು ನಮ್ಮ ಡ್ರೈವರ್ರು. ಅವರು ನಿವೃತ್ತರಾಗುವವರೆಗೆ ಹತ್ತು ಹನ್ನೊಂದು ವರ್ಷ ಕುಶಾಲನಗರದಿಂದ ನಾಪೋಕ್ಲುವಿಗೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಒಟ್ಟಿಗೆ ಡ್ಯೂಟಿ ಮಾಡಿದೆವು. ಅವರ ಹೆಂಡತಿ ತೀರಿಕೊಂಡಿದ್ದಾರೆ. ಸುಂಟಿಕೊಪ್ಪದಲ್ಲಿ ಮಗಳ ಮನೆಯಲ್ಲಿ ಇದ್ದಾರೆ, ಅಳಿಯನದು ಅಲ್ಲೇ ಒಂದು ದಿನಸಿ ಅಂಗಡಿ. ಮನೆಯಲ್ಲಿ ಆಡುವುದು ಕೊಡಗಿನ ಗೌಡರ ಅರೆಭಾಷೆ, ನನ್ನ ಜೊತೆ ಮಾತ್ರ "ಎಂತ ಮಾರಾಯ್ತಿ" ಎನ್ನುವ ಕನ್ನಡ. ಬೇರೆ ಎಲ್ಲ ಡ್ರೈವರುಗಳನ್ನೂ ನಾನು ಅಣ್ಣ ಎನ್ನುತ್ತಿದ್ದೆ. ಇವರನ್ನು ಯಾವತ್ತೂ ಹಾಗೆ ಕರೆಯಲಿಲ್ಲ, ಡ್ರೈವರ್ರೇ ಎಂದೇ ಕರೆದೆ. ಅವರೂ ನನ್ನನ್ನು ಕಂಡಕ್ಟ್ರೇ ಎನ್ನುತ್ತಿದ್ದರು. ಯಾಕೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ.

ನಾಪೋಕ್ಲು ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ಹೊತ್ತಿದ್ದಾಗ ಟೀ ಕುಡಿಯುತ್ತಾ ಅವರು ಹೇಳುತ್ತಿದ್ದ ಮಾತು ಇದು: "ರಿಟೈರ್ ಆದ ಮೇಲೆ ಒಂದು ವ್ಯಾನ್ ಮಾಡುವ ಕಂಡಕ್ಟ್ರೇ. ಬೋರ್ಡ್ ಇಲ್ಲದ ಗಾಡಿ. ಎಲ್ಲಿಗೆ ಹೋಗ್ತದೆ ಅಂತ ಒಬ್ಬನೂ ಕೇಳಬಾರದು." ನಾನು ನಗುತ್ತಿದ್ದೆ. ಆದರೆ ಆ ಮಾತು ನನ್ನೊಳಗೆ ಕೂತುಬಿಟ್ಟಿತ್ತು. ಕಂಡಕ್ಟರ್ ಆದವಳು ಬಸ್ಸಿನ ಉದ್ದಕ್ಕೂ ಓಡಾಡುತ್ತಾಳೆಯೇ ಹೊರತು ರಸ್ತೆ ನೋಡುವುದಿಲ್ಲ. ನೋಡುವುದು ಬರೀ ಮುಖಗಳು, ಕೈಗಳು, ಬ್ಯಾಗುಗಳು. ಮೂರ್ನಾಡಿನ ಆಚೆ ಕಾಫಿ ಹೂ ಬಿಟ್ಟದ್ದು ನನಗೆ ಮೂಗಿನಿಂದ ಗೊತ್ತಾಗುತ್ತಿತ್ತು, ಕಣ್ಣಿನಿಂದಲ್ಲ. ರಾತ್ರಿ ಬೇರೆ ಊರಲ್ಲೇ ಬಸ್ಸು ನಿಲ್ಲಿಸಿ ಮಲಗುವ ನೈಟ್ ಹಾಲ್ಟ್ ಡ್ಯೂಟಿಯನ್ನೂ ಹೆಂಗಸರಿಗೆ ಹಾಕುತ್ತಿರಲಿಲ್ಲ. ಅಷ್ಟು ವರ್ಷ ತಿರುಗಿದರೂ ಪ್ರತಿ ರಾತ್ರಿ ಅದೇ ಚಾಪೆಯ ಮೇಲೆ ಮಲಗಿದವಳು ನಾನು. ಮುಂದಿನ ಸೀಟಿನಲ್ಲಿ ಕೂತು ರಸ್ತೆ ನೋಡಬೇಕು, ಎಲ್ಲಿ ಕತ್ತಲಾಯಿತೋ ಅಲ್ಲೇ ಮಲಗಬೇಕು. ಇಷ್ಟೇ ಆಸೆ ನನ್ನದು.

ವ್ಯಾನು ಕೊಂಡೆ ಎಂದಾಗ ತಮ್ಮ ಓಡಿಬಂದ. "ಅಕ್ಕಾ, ತಲೆ ನೆಟ್ಟಗಿದೆಯಾ? ಬಾಡಿಗೆ ಮನೆ ಬಿಟ್ಟು ವ್ಯಾನಲ್ಲಿರ್ತೀನಿ ಅಂತೀಯಲ್ಲ, ಜನ ಏನಂತಾರೆ?"

"ಜನ ಏನಂತಾರೆ ಅಂತ ನೀನೇ ಕೇಳ್ಕೊಂಡು ಬಂದು ಹೇಳು. ಅಷ್ಟೊತ್ತಿಗೆ ನಾನು ಗೋವಾದಲ್ಲಿರ್ತೀನಿ," ಎಂದೆ. ಅವನು ಬೇಜಾರು ಮಾಡಿಕೊಂಡು ಕಾಫಿಯನ್ನೂ ಕುಡಿಯದೆ ಹೋದ.

ಡ್ರೈವರ್ರಿಗೆ ಫೋನ್ ಮಾಡಿದೆ. ಅವರು ನನಗಿಂತ ಒಂದು ವರ್ಷ ಮೊದಲೇ ನಿವೃತ್ತರಾಗಿದ್ದರು. ವ್ಯಾನ್ ತಗೊಂಡೆ ಎಂದ ಕೂಡಲೇ ಆ ಕಡೆ ಮಾತಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ನಿಜವಾಗ್ಲೂ ತಗೊಂಡ್ರಾ?" ಎಂದರು. ಆಮೇಲೆ, "ಗಾಡಿ ಬಿಡ್ಲಿಕ್ಕೆ ನಾನು ಕಲಿಸ್ತೇನೆ. ನಾಳೆ ಬೆಳಿಗ್ಗೆ ಬರ್ತೇನೆ," ಎಂದರು. ದೂರದ ಪ್ರಯಾಣದಲ್ಲಿ ಓಡಿಸುವವರು ಇಬ್ಬರಿದ್ದರೆ ಒಳ್ಳೆಯದು, ಅದಕ್ಕೇ ಕಲಿಸುತ್ತಾರೆ ಎಂದುಕೊಂಡೆ. ಅವರು ಜೊತೆಗೆ ಬರುತ್ತಾರೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳಲಿಲ್ಲ. ಬರಲಿ ಎಂದು ಮಾತ್ರ ದೇವರಾಣೆಗೂ ಬಯಸಿದೆ. ಅವರು ಬರದಿದ್ದರೆ ಆ ವ್ಯಾನು ನನಗೆ ಗಾಲಿ ಹಾಕಿದ ಇನ್ನೊಂದು ಖಾಲಿ ಮನೆ, ಅಷ್ಟೇ.

ಮಾರನೆಯ ದಿನದಿಂದ ಪಾಠ. ಬೆಳಿಗ್ಗೆ ಮೊದಲ ಬಸ್ಸಿಗೇ ಸುಂಟಿಕೊಪ್ಪದಿಂದ ಬಂದಿಳಿಯುತ್ತಿದ್ದರು. ನಾಲೆಯ ಪಕ್ಕದ ರಸ್ತೆಗೆ ಹೋಗುತ್ತಿದ್ದೆವು. ನಾನು ಬಲಗಡೆ, ಅವರು ಎಡಗಡೆ. ಅಷ್ಟು ವರ್ಷ ಬಸ್ಸಿನಲ್ಲಿ ನಾನು ನೋಡಿದ್ದು ಅವರ ಹಿಂದಲೆ. ಕತ್ತಿನ ಹಿಂದೆ ಒಂದು ಮಚ್ಚೆ ಇದ್ದದ್ದು ನನಗೆ ಗೊತ್ತು, ಮುಂಗೂದಲು ಯಾವಾಗ ಬೆಳ್ಳಗಾಯಿತು ಎಂದು ಗೊತ್ತಿರಲಿಲ್ಲ.

"ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಕೂತಿದ್ದೀರಲ್ಲ, ಅದೆಂತ ಊಟದ ಮಣೆಯಾ?" ಎನ್ನುವರು.

"ಬೈಬೇಡಿ ಡ್ರೈವರ್ರೇ. ಬೈದ್ರೆ ಬರೋದೂ ಮರೆತುಹೋಗುತ್ತೆ."

"ನೀವು ಪ್ಯಾಸೆಂಜರಿಗೆ ಬೈದದ್ದರಲ್ಲಿ ಇದು ಕಾಲು ಭಾಗವೂ ಇಲ್ಲ ಕಂಡಕ್ಟ್ರೇ."

ಪಾಠ ಮುಗಿಸಿ ಅವರು ಬಸ್ಸು ಹತ್ತಿದ ಮೇಲೆ ನನಗೆ ಉಳಿದ ದಿನವೆಲ್ಲ ವ್ಯಾನಿನ ಕೆಲಸ. ಬಡಗಿ ಬಂದು ಹಿಂದಿನ ಸೀಟುಗಳನ್ನೆಲ್ಲ ಕಿತ್ತು ಹಾಕಿದ. ಗ್ಯಾಸ್ ಒಲೆಗೊಂದು ಕಟ್ಟೆ, ನೀರಿನ ಕ್ಯಾನಿಗೊಂದು ಗೂಡು, ಬಟ್ಟೆಗೊಂದು ಪೆಟ್ಟಿಗೆ. ಮಲಗಲು ಆ ಕಡೆ ಒಂದು, ಈ ಕಡೆ ಒಂದು ಹಲಗೆ ಹಾಕಿಸಿ ಎರಡಕ್ಕೂ ದಿಂಬು ಇಟ್ಟೆ. ಕೊಡಗಿನ ಮಳೆ ಕಂಡವಳಲ್ಲವೇ, ಕಿಟಕಿಗಳಿಗೆಲ್ಲ ರಬ್ಬರ್ ಕೊಟ್ಟು ಒಂದು ಹನಿ ಒಳಗೆ ಬರದ ಹಾಗೆ ಮುಚ್ಚಿಸಿದೆ. ಡ್ರೈವರ್ರು ಒಂದು ದಿನ ಒಳಗೆ ಇಣುಕಿ ನೋಡಿ, "ಎರಡು ಎಂತಕ್ಕೆ?" ಎಂದರು.

"ಒಂದು ಸಾಮಾನಿಗೆ," ಎಂದೆ.

"ಸಾಮಾನಿಗೆ ದಿಂಬು ಬೇಕಾ?"

ನನಗೆ ಮುಖ ಬಿಸಿಯಾಯಿತು. ಅರವತ್ತು ದಾಟಿದವಳಿಗೆ ಇದೆಲ್ಲ ಬೇಕಾ ಎನಿಸಿ ನನ್ನ ಮೇಲೇ ಸಿಟ್ಟು ಬಂತು. ಬಾನೆಟ್ ಒರೆಸುವ ಬಟ್ಟೆ ತೆಗೆದುಕೊಂಡು ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಮನೆ ಖಾಲಿ ಮಾಡುವುದು ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಸಾಮಾನು ಜಾಸ್ತಿ ಇತ್ತು ಎಂದಲ್ಲ. ಕೊಡಲು ಜನ ಸಿಗಲಿಲ್ಲ. ಅಮ್ಮನ ಒರಳು ಕಲ್ಲನ್ನು ತಮ್ಮನ ಹೆಂಡತಿ ಬೇಡ ಎಂದಳು, ಮಿಕ್ಸಿ ಇದೆ ಎಂದಳು. ಪಕ್ಕದ ಮನೆಯವಳು ಅಮ್ಮನ ಮಂಚ ಒಯ್ದಳು, ಒಯ್ಯುವಾಗ, "ಅಕ್ಕಾ, ನೀವು ವಾಪಸ್ ಬಂದ್ಮೇಲೆ ಕೊಡ್ಬೇಕಾ?" ಎಂದು ಕೇಳಿದಳು. ಬರುವುದಿಲ್ಲ ಎಂದೆ. ಆ ಮಾತನ್ನು ಜೋರಾಗಿ ಹೇಳಿದ್ದು ಅದೇ ಮೊದಲು. ಸಂಜೆ ಖಾಲಿ ಕೋಣೆಯಲ್ಲಿ ಕೆಮ್ಮಿದರೆ ಕೆಮ್ಮು ವಾಪಸ್ ಕೇಳುತ್ತಿತ್ತು. ಅಡುಗೆಮನೆಯಲ್ಲಿ ಎರಡು ತಟ್ಟೆ, ಎರಡು ಲೋಟ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ ಕೊಟ್ಟುಬಿಟ್ಟೆ. ಒಂದು ತಟ್ಟೆಯಲ್ಲಿ ಉಂಡು, ತೊಳೆದು, ಇನ್ನೊಂದನ್ನೂ ಸುಮ್ಮನೆ ತೊಳೆದು ಇಡುತ್ತಿದ್ದೆ.

ಅಷ್ಟರಲ್ಲಿ ಲೈಸೆನ್ಸ್ ಟೆಸ್ಟ್ ಪಾಸಾಗಿತ್ತು. ಆರ್‌ಟಿಒ ಸಾಹೇಬರು ಗಾಡಿಯಲ್ಲಿ ಎಂಟು ಬರೆಸಿ, ಹಿಂದೆ ತೆಗೆಸಿ, ಆಯ್ತಮ್ಮ ಎಂದಿದ್ದರು. ಆದರೆ ನಮ್ಮ ಡ್ರೈವರ್ರು ಮಾತ್ರ ಪಾಸು ಮಾಡಲಿಲ್ಲ. "ರಿವರ್ಸ್ ಸರಿ ಇಲ್ಲ ಕಂಡಕ್ಟ್ರೇ. ಇನ್ನೂ ಬೇಕು," ಎನ್ನುತ್ತಿದ್ದರು. ದಿನಾ ಬರುತ್ತಿದ್ದರು, ದಿನಾ ಅದೇ ಮಾತು.

ಒಂದು ದಿನ ಮೊಮ್ಮಗಳಿಗೆ ಜ್ವರ ಎಂದು ಬರಲಿಲ್ಲ. ಇವರಿಗೆ ತೋರಿಸಿಯೇ ಬಿಡುತ್ತೇನೆ ಎಂಬ ಹಟದಲ್ಲಿ ನಾನೊಬ್ಬಳೇ ಸುಂಟಿಕೊಪ್ಪದ ಕಡೆಗೆ ಹೊರಟು ಒಂದು ಎಸ್ಟೇಟಿನ ಏರು ದಾರಿಗೆ ತಿರುಗಿಸಿದೆ. ಮೇಲೆ ಹೋದರೆ ಗೇಟು ಮುಚ್ಚಿತ್ತು. ಹಿಂದಕ್ಕೇ ಬರಬೇಕು.

ಇಲ್ಲಿ ಒಂದು ವಿಷಯ ಹೇಳಬೇಕು. ನಾಪೋಕ್ಲು ದಾರಿ ಅಗಲವಿಲ್ಲದ್ದು. ಎದುರು ಲಾರಿ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು. ಬಸ್ಸು ಹಿಂದೆ ಹೋಗುವಾಗ ಕಂಡಕ್ಟರ್ ಇಳಿದು, ಹಿಂಬದಿಗೆ ಓಡಿ, ಬಸ್ಸಿನ ಬೆನ್ನಿಗೆ ಬಡಿಯುತ್ತಾ "ಬರ್ಲಿ, ಬರ್ಲಿ" ಎಂದು ಹೇಳಬೇಕು. ನಿಲ್ಲಿಸಬೇಕಾದಾಗ "ಹೋಲ್ಡಾನ್" ಎಂದು ಕೂಗಬೇಕು. ಮಳೆಯಲ್ಲಿ, ಮಂಜಿನಲ್ಲಿ ಎಷ್ಟು ಸಲ ಇಳಿದಿದ್ದೇನೋ ಲೆಕ್ಕವಿಲ್ಲ. ಹಿಂದೆ ಹೋಗಬೇಕು ಎಂದರೆ ನನ್ನ ಕಾಲು ತಾನಾಗಿ ಕೆಳಗಿಳಿಯುತ್ತದೆ.

ಅವತ್ತೂ ಇಳಿಯಿತು. ಗೇರು ನ್ಯೂಟ್ರಲ್ಲಿಗೆ ಹಾಕಿದವಳು ಬ್ರೇಕಿನಿಂದ ಕಾಲು ತೆಗೆದು, ಬಾಗಿಲು ತೆಗೆದು, ಹಿಂದಕ್ಕೆ ಓಡಿ, ವ್ಯಾನಿನ ಬೆನ್ನಿಗೆ ಎರಡು ಬಡಿದು "ಬರ್ಲಿ" ಎಂದೆ. ವ್ಯಾನು ಮೆಲ್ಲಗೆ ಬಂತು. ಹೇಳಿದ ಹಾಗೆ ಕೇಳುತ್ತಿದೆಯಲ್ಲ ಎಂದು ಒಂದು ಕ್ಷಣ ನನಗೆ ಸಮಾಧಾನವೇ ಆಯಿತು. ಆಮೇಲೆ ಅದು ಜೋರಾಯಿತು. "ಹೋಲ್ಡಾನ್, ಹೋಲ್ಡಾನ್" ಎಂದು ಕಿರುಚಿದೆ. ಕೇಳುವವರು ಯಾರು? ಪಕ್ಕಕ್ಕೆ ಹಾರಿಕೊಂಡೆ. ವ್ಯಾನು ನನ್ನನ್ನು ದಾಟಿ ಇಳಿದು ಹೋಗಿ ದಾರಿ ಬದಿಯ ಕಾಫಿ ಸಿಪ್ಪೆಯ ರಾಶಿಗೆ ನುಗ್ಗಿ ನಿಂತಿತು.

ಮೇಲಿನ ತೋಟದಿಂದ ಕಾಫಿ ಹಣ್ಣು ಕೊಯ್ಯುವ ಹೆಂಗಸರು ಬಂದು ಸೊಂಟ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಮೋರಿ ಕಟ್ಟೆಯ ಮೇಲೆ ಕೂತೆ.

ಫೋನ್ ಮಾಡಿದ್ದಕ್ಕೆ ಡ್ರೈವರ್ರು ಆಟೋ ಹಿಡಿದು ಬಂದರು. ವ್ಯಾನಿಗೆ ಒಂದು ಸುತ್ತು ಬಂದರು. ಒಂದು ದೀಪ ಒಡೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ.

"ಹ್ಯಾಂಡ್ ಬ್ರೇಕ್?"

"ಹಾಕ್ಲಿಲ್ಲ."

"ಯಾಕೆ ಇಳಿದ್ರಿ?"

"ರಿವರ್ಸ್ ಹೇಳೋಕೆ."

"ಯಾರಿಗೆ?"

ನಿಮಗೆ ಎಂದು ನಾಲಿಗೆಯ ತುದಿಗೆ ಬಂತು. ಅವರು ಬಗ್ಗಿ ನನ್ನ ಸೀರೆಗೆ ಅಂಟಿದ್ದ ಸಿಪ್ಪೆಯ ಕಡೆ ಕೈ ತೋರಿಸಿ, "ಕೊಡವಿಕೊಳ್ಳಿ," ಎಂದರು. ಆಮೇಲೆ ಬೇರೆ ಕಡೆ ನೋಡುತ್ತಾ, "ಗಾಡಿ ಹತ್ತುವಾಗಲೇ ಒಬ್ಬಳೇ ಅಂತ ತಲೆಗೆ ಹಾಕ್ಕೊಳ್ಳಿ ಕಂಡಕ್ಟ್ರೇ," ಎಂದರು.

ಆ ಮಾತು ನನಗೆ ಚುಚ್ಚಿತು. ಬೈದದ್ದಕ್ಕಲ್ಲ. ಒಬ್ಬಳೇ ಎಂದರಲ್ಲ, ಅದಕ್ಕೆ. ಪಾಠ ಹೇಳುವ ಭರದಲ್ಲಿ ಬಂದ ಮಾತು ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೂ ಕೆಲವು ವಾರ ಅವರು ಬಂದರು. ರಿವರ್ಸ್, ರಿವರ್ಸ್ ಎಂದು ನಾಲೆಯ ರಸ್ತೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿಸಿದರು. ಅಷ್ಟರಲ್ಲಿ ಮನೆಯ ಓನರಿಗೆ ಹೊಸ ಬಾಡಿಗೆಯವರು ಸಿಕ್ಕಿ, ತಿಂಗಳ ಕೊನೆಗೆ ಬಿಟ್ಟುಕೊಡಿ ಎಂದರು. ಇನ್ನು ತಡೆಯುವ ಹಾಗಿರಲಿಲ್ಲ. ಹೊರಡುವ ಮೊದಲು ಒಂದು ಘಟ್ಟ ಇಳಿದು ಹತ್ತಿ ನೋಡೋಣ ಎಂದು ನಾನೇ ಹೇಳಿದೆ. ಕೇರಳದ ಗಡಿಯ ಮಾಕುಟ್ಟಕ್ಕೆ ಹೋಗುವುದೆಂದಾಯಿತು. ಅಲ್ಲಿ ಕೇಳಿಯೇ ಬಿಡಬೇಕು ಎಂದು ತೀರ್ಮಾನ ಮಾಡಿಕೊಂಡಿದ್ದೆ.

ಸಿದ್ದಾಪುರ, ವಿರಾಜಪೇಟೆ ದಾಟಿ ಪೆರುಂಬಾಡಿಯಿಂದ ಕಾಡು ಇಳಿದೆವು. ಮರಗಳು ರಸ್ತೆಯ ಮೇಲೆ ಬಗ್ಗಿಕೊಂಡಿದ್ದವು, ಎಲೆಯ ಮೇಲಿನ ಬಿಸಿಲು ಗಾಜಿನ ಮೇಲೆ ಸರಿಯುತ್ತಿತ್ತು. ರಸ್ತೆ ಹೀಗಿರುತ್ತದಾ ಎಂದು ನನಗೆ ಆಶ್ಚರ್ಯ. ಇವರು ಅಷ್ಟು ವರ್ಷ ದಿನಾ ಇಂಥದ್ದನ್ನು ನೋಡುತ್ತಿದ್ದರಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು. ಕೆಳಗಿಳಿದಂತೆ ಸೆಕೆ ಏರಿತು. ರಬ್ಬರ್ ಹಾಕಿ ಮುಚ್ಚಿದ ಕಿಟಕಿ ಒಂದೂ ತೆರೆಯಲಿಲ್ಲ. ಫ್ಯಾನು ಎಂಬುದು ನನಗೆ ನೆನಪೇ ಆಗಿರಲಿಲ್ಲ, ನಮ್ಮ ಮನೆಯಲ್ಲಿ ಯಾವತ್ತೂ ಇದ್ದದ್ದಲ್ಲ.

"ಇದು ವ್ಯಾನಾ, ಇಡ್ಲಿ ಪಾತ್ರೆಯಾ?" ಎಂದರು ಡ್ರೈವರ್ರು, ಮುಖ ಒರೆಸಿಕೊಳ್ಳುತ್ತಾ.

ಇಬ್ಬರೂ ನಕ್ಕೆವು. ಚೆಕ್‌ಪೋಸ್ಟಿನ ಹತ್ತಿರ ಮರದ ನೆರಳಿಗೆ ನಿಲ್ಲಿಸಿ, ಅಲ್ಲಿದ್ದ ಸಣ್ಣ ಅಂಗಡಿಯಲ್ಲಿ ಟೀ ಹೇಳಿದೆವು. ಆ ನಗು ಆರುವ ಮೊದಲೇ ಕೇಳಿದೆ: "ನಿಮ್ಮ ಬಟ್ಟೆಬರೆ ಯಾವತ್ತು ತಂದಿಡ್ತೀರಾ?"

ಅವರು ಗ್ಲಾಸು ಕೆಳಗಿಟ್ಟರು.

"ನಾನು ಬರೋದಿಲ್ಲ ಕಂಡಕ್ಟ್ರೇ."

ಅವರೇ ಮಾತು ಮುಂದುವರಿಸಿದರು. "ನಿಮಗೆ ನೈಟ್ ಹಾಲ್ಟ್ ಕೊಡ್ಲಿಲ್ಲ ಅಂತ ಬೇಜಾರು. ನಿಮ್ಮ ಜೊತೆ ಡ್ಯೂಟಿಗೆ ಬರುವ ಮೊದಲು ನಾನು ಅದನ್ನು ಎಷ್ಟು ಮಾಡಿದ್ದೇನೆ ಅಂತ ದೇವರಿಗೇ ಗೊತ್ತು. ಯಾವುದೋ ಊರಲ್ಲಿ, ಬಸ್ಸಿನ ಸೀಟಲ್ಲಿ ಮಲಗಿ, ಬೆಳಿಗ್ಗೆ ಯಾರದ್ದೋ ಬಾವಿಯಲ್ಲಿ ಮುಖ ತೊಳೆದು. ಹೆಂಡ್ತಿ ಹೋಗುವ ದಿನವೂ ನಾನು ಮನೆಯಲ್ಲಿ ಇರ್ಲಿಲ್ಲ. ನನಗೆ ರಸ್ತೆ ಸಾಕಾಗಿ ಹೋಗಿದೆ. ಈಗ ಅಂಗಡಿ ಮುಂದೆ ಕೂತರೆ ನಾಲ್ಕು ಜನ ಬರ್ತಾರೆ, ಮಾತಾಡ್ತಾರೆ, ಸಂಜೆ ಮೊಮ್ಮಗಳು ಬರ್ತಾಳೆ. ಬೋರ್ಡ್ ಇಲ್ಲದ ಗಾಡಿ ಅಂತ ಹೇಳ್ಲಿಕ್ಕೆ ಚಂದ. ಅದು ಟೀ ಕುಡಿಯುವಾಗಿನ ಮಾತು."

"ಟೀ ಕುಡಿಯುವಾಗಿನ ಮಾತು," ಎಂದೆ. ನನ್ನ ಧ್ವನಿ ಏರಿತು, ಅಂಗಡಿಯವನು ತಿರುಗಿ ನೋಡಿದ. "ಮೊದ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ? ಮನೆ ಬಿಟ್ಟೆ, ಅಮ್ಮನ ಮಂಚ ಕೊಟ್ಟೆ. ಬರಲ್ಲ ಅಂತ ಗೊತ್ತಿದ್ದೂ ಇಷ್ಟು ತಿಂಗಳು ದಿನಾ ಬೆಳಿಗ್ಗೆ ಯಾಕ್ರೀ ಬಂದ್ರಿ?"

ಅವರು ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಕೈ ಊರಿಕೊಂಡು ಕೆಳಗೆ ನೋಡುತ್ತಾ ಕೂತಿದ್ದರು.

"ನಿಮಗೆ ಎರಡನೇ ತಿಂಗಳಿಗೇ ಗಾಡಿ ಬಂದಿತ್ತು," ಎಂದರು. "ರಿವರ್ಸ್ ಸರಿ ಇಲ್ಲ ಅಂತ ನಾನು ಹೇಳಿದ್ದು ಸುಳ್ಳು. ಒಂದೇ ಒಂದು ದಿನ ಸಿಪ್ಪೆ ರಾಶಿಗೆ ಹೊಡೆದ್ರಿ, ಅದು ಬಿಟ್ಟರೆ ನಿಮ್ಮ ರಿವರ್ಸ್ ನನಗಿಂತ ಚಂದ ಉಂಟು. ನೀವು ಹೋಗೋದು ಗ್ಯಾರಂಟಿ, ನಾನು ಬರೋದಿಲ್ಲ ಅಂತಲೂ ಗ್ಯಾರಂಟಿ. ಮಧ್ಯೆ ಇರುವ ದಿನ ಇಷ್ಟೇ ಅಂತ ಗೊತ್ತಿತ್ತು. ಬಸ್ಸಲ್ಲಿ ಅಷ್ಟು ವರ್ಷ ನಿಮಗೆ ಬೆನ್ನು ಹಾಕಿಯೇ ಕೂತದ್ದು ನಾನು. ಪಕ್ಕದಲ್ಲಿ ಕೂತದ್ದು ಈಗ."

ಹಾಗಾದರೆ ನಾನೂ ಹೋಗುವುದಿಲ್ಲ ಎನ್ನಬೇಕು ಎನಿಸಿತು. ಬಾಯಿ ತೆರೆದೆ ಕೂಡ. ಅವರಿಗೆ ಗೊತ್ತಾಯಿತು ಎಂದು ಕಾಣುತ್ತದೆ.

"ನೀವು ಹೋಗಬೇಕು ಕಂಡಕ್ಟ್ರೇ. ಇಲ್ಲಿ ಕೂತರೆ ಆ ತರಕಾರಿಯವನನ್ನು ನೀವು ಜೀವಸಹಿತ ಬಿಡುವುದಿಲ್ಲ," ಎಂದರು. ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ಬಹಳ ವರ್ಷದ ಮೇಲೆ ಜನರ ಎದುರಿಗೆ ಅತ್ತೆ. ಸೆರಗಿನಲ್ಲಿ ಮುಖ ಒರೆಸಿಕೊಂಡು ಅತ್ತೆ. ಅವರು ನನ್ನನ್ನು ಸಮಾಧಾನ ಮಾಡಲು ಬರಲಿಲ್ಲ, ಎದ್ದೂ ಹೋಗಲಿಲ್ಲ. ನನ್ನ ಟೀ ಆರಿತ್ತು. ಇನ್ನೊಂದು ಬಿಸಿ ಟೀ ಕೊಡು ಎಂದು ಅಂಗಡಿಯವನಿಗೆ ಹೇಳಿದರು. ಅದು ಬರುವವರೆಗೆ ಇಬ್ಬರೂ ಚೆಕ್‌ಪೋಸ್ಟಿನಲ್ಲಿ ನಿಂತ ಲಾರಿಗಳನ್ನು ನೋಡುತ್ತಾ ಕೂತೆವು. ಅವರನ್ನು ಒಪ್ಪಿಸಲು ಇನ್ನು ನನ್ನಲ್ಲಿ ಮಾತಿರಲಿಲ್ಲ. ರಸ್ತೆ ಸಾಕಾದವರು ಅವರು, ರಸ್ತೆಯನ್ನೇ ನೋಡದವಳು ನಾನು. ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ.

ವಾಪಸ್ ಹೊರಟೆವು. ನಾನು ಬಲಗಡೆ, ಅವರು ಎಡಗಡೆ. ಸುಂಟಿಕೊಪ್ಪದಲ್ಲಿ ಅವರು ಇಳಿಯುತ್ತಾರೆ, ಮತ್ತೆ ಈ ಗಾಡಿ ಹತ್ತುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಘಟ್ಟ ಏರುವಾಗ ಮೊದಲ ತಿರುವು ಎದುರಿಗೆ ಬಂತು. ಅಲ್ಲಿ ಯಾವ ಗೇರು ಹಾಕಬೇಕು ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಕೈಯೂ ಆಗಲೇ ಗೇರಿನ ಮೇಲಿತ್ತು. ಆದರೂ ಕೇಳಿದೆ.

"ಇಲ್ಲಿ ಎಷ್ಟನೇದು ಡ್ರೈವರ್ರೇ?"

ಅವರು ರಸ್ತೆ ನೋಡಲಿಲ್ಲ, ನನ್ನ ಕಡೆ ನೋಡಿದರು.

"ಸೆಕೆಂಡ್," ಎಂದರು. "ನಿಧಾನ."

ಮುಂದಿನ ತಿರುವಿನಲ್ಲೂ ಕೇಳಿದೆ. ಪೆರುಂಬಾಡಿ ಮುಟ್ಟುವವರೆಗೆ ಒಂದು ತಿರುವನ್ನೂ ಬಿಡದೆ ಕೇಳಿದೆ. ಒಂದನ್ನೂ ಬಿಡದೆ ಹೇಳಿದರು.